ಅರ್ಧಕ್ಕೇ ನಿಂತ ಧ್ರುವದ ರೈಲು

ಪ್ರಶ್ನೆ: ಶಿಕಾರಿಪುರಕ್ಕೆ ರೈಲು ಬರುತ್ತದಂತೆ. ಅರ್ಧ ಕಟ್ಟಿ ಕೈಬಿಟ್ಟ ರೈಲು ಮಾರ್ಗಗಳೂ ಇವೆಯೇ?
– ಓದುಗರೊಬ್ಬರು, ಸೊರಬ

ಉತ್ತರ: ಇವೆ. ಉತ್ತರ ರಷ್ಯಾದ ಸಾಲೆಖಾರ್ಡ್–ಇಗಾರ್ಕಾ ಮಾರ್ಗ ಅಂಥದ್ದು. ಧ್ರುವವೃತ್ತದ ಆಸುಪಾಸಿನ ಈ ಯೋಜನೆಯನ್ನು ಸ್ಟಾಲಿನ್ ಆಡಳಿತ 1947ರಲ್ಲಿ ಶುರುಮಾಡಿತು. ಉದ್ದೇಶಿತ ಉದ್ದ ಸುಮಾರು 1,300 ಕಿ.ಮೀ. ದುಡಿದವರು ಬಹುತೇಕ ಗುಲಾಗ್ ಎಂಬ ಬಲವಂತದ ದುಡಿಮೆಯ ಶಿಬಿರಗಳ ಕೈದಿಗಳು. ಅಲ್ಲಿ ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿದ ಮಣ್ಣು. ಬೇಸಿಗೆಯಲ್ಲಿ ಮೇಲ್ಪದರ ಕರಗಿ ಕೆಸರಾದಾಗ ಹಳಿ ಕುಸಿಯುತ್ತಿತ್ತು. 1953ರ ಮಾರ್ಚ್‌ನಲ್ಲಿ ಸ್ಟಾಲಿನ್ ಸತ್ತ. ಕೆಲವೇ ವಾರಗಳಲ್ಲಿ ಕೆಲಸವೂ ನಿಂತಿತು.

ಇನ್ನು ನೀವು ಕೇಳಿದ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗಕ್ಕೆ 2023ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಇಲ್ಲಿ ಜಮೀನಿಗೆ ಪರಿಹಾರ, ದುಡಿಮೆಗೆ ಕೂಲಿ ಕಾನೂನಿನ ಹಕ್ಕು. ತಡವಾದರೆ ಕೇಳುವ ಹಕ್ಕೂ ನಿಮಗಿದೆ; ಕೇಳಿ.