ಕೈಯಲ್ಲಿರುವ ನಗದು ಎಷ್ಟು ದಿನಕ್ಕೆ?

ಲಾಭ-ನಷ್ಟದ ಲೆಕ್ಕವನ್ನು ವರ್ಷಾಂತ್ಯದಲ್ಲಿ ನೋಡುವ ರೂಢಿ ನಮ್ಮ ಉದ್ಯಮಿಗಳಲ್ಲಿದೆ. ಆದರೆ ವಹಿವಾಟು ದಿಢೀರನೆ ನಿಂತರೆ ಸಂಸ್ಥೆ ಎಷ್ಟು ದಿನ ಉಳಿಯಬಲ್ಲದು ಎಂಬ ಲೆಕ್ಕ ಇಟ್ಟವರು ವಿರಳ. 2020ರ ಕೋವಿಡ್ ಮಹಾಮಾರಿ ಈ ಪ್ರಶ್ನೆಯನ್ನು ಜಗತ್ತಿನ ಎಲ್ಲ ಸಣ್ಣ ಉದ್ದಿಮೆಗಳ ಮುಂದಿಟ್ಟಿತು. ಈ ಹಿನ್ನೆಲೆಯಲ್ಲಿ ಅಮೆರಿಕದ ನಿರ್ವಹಣಾ ತಜ್ಞರು ಅಂದು ನಡೆಸಿದ ಒಂದು ಸಮೀಕ್ಷೆ ಇಂದಿಗೂ ಮನನೀಯವಾಗಿದೆ.

ಸಮೀಕ್ಷೆ ಕಂಡ ಸತ್ಯ

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಜೋಯಿ ಕಲೆನ್, ಮೈಕೆಲ್ ಲೂಕಾ, ಕ್ರಿಸ್ಟೋಫರ್ ಸ್ಟಾಂಟನ್ ಹಾಗೂ ಷಿಕಾಗೋದ ಬೂತ್ ಸ್ಕೂಲಿನ ಮರಿಯಾನ್ ಬರ್ಟ್ರಾಂಡ್ ಸೇರಿದಂತೆ ಆರು ವಿದ್ವಾಂಸರು 2020ರ ಮಾರ್ಚ್ 28ರಿಂದ ಏಪ್ರಿಲ್ 4ರ ನಡುವೆ 5,800ಕ್ಕೂ ಹೆಚ್ಚು ಸಣ್ಣ ಉದ್ದಿಮೆಗಳಿಂದ ಮಾಹಿತಿ ಪಡೆದರು. ಅವುಗಳಲ್ಲಿ ಶೇ. 43ರಷ್ಟು ತಾತ್ಕಾಲಿಕವಾಗಿ ಮುಚ್ಚಿದ್ದವು. ಜನವರಿಗೆ ಹೋಲಿಸಿದರೆ ನೌಕರರ ಸಂಖ್ಯೆ ಶೇ. 39ರಷ್ಟು ಕುಸಿದಿತ್ತು. ಮುಚ್ಚಿದವರು ಮುಖ್ಯವಾಗಿ ನೀಡಿದ ಕಾರಣಗಳು ಬೇಡಿಕೆಯ ಕುಸಿತ ಹಾಗೂ ನೌಕರರ ಆರೋಗ್ಯದ ಆತಂಕ. ಸರಕು ಪೂರೈಕೆಯ ಅಡಚಣೆ ಅಷ್ಟು ದೊಡ್ಡ ಕಾರಣವಾಗಿರಲಿಲ್ಲ.

ಹೊಡೆತ ಎಲ್ಲರಿಗೂ ಸಮನಾಗಿರಲಿಲ್ಲ. ಚಿಲ್ಲರೆ ವ್ಯಾಪಾರ, ಹೋಟೆಲು, ಮನರಂಜನೆಯಂತಹ ಜನಸಂಪರ್ಕದ ಕ್ಷೇತ್ರಗಳು ತತ್ತರಿಸಿದರೆ, ಹಣಕಾಸು ಹಾಗೂ ವೃತ್ತಿಪರ ಸೇವೆಗಳು ಹೆಚ್ಚು ಸುರಕ್ಷಿತವಾಗಿದ್ದವು.

ಎಲ್ಲಕ್ಕಿಂತ ಗಂಭೀರವಾದ ಅಂಶ ನಗದಿನದು. ತಿಂಗಳಿಗೆ 10,000 ಡಾಲರ್‌ಗೂ ಮೀರಿ ವೆಚ್ಚವಿದ್ದ ಸಂಸ್ಥೆಗಳ ಪೈಕಿ ಸುಮಾರು ಅರ್ಧದಷ್ಟರ ಬಳಿ ಎರಡು ವಾರಕ್ಕೆ ಸಾಲುವಷ್ಟೂ ನಗದಿರಲಿಲ್ಲ.

ನೆರವಿನ ಬಾಗಿಲು

ಸರ್ಕಾರದ ನೆರವು ಬಯಸಿದವರಲ್ಲಿಯೂ ಅನೇಕರು ಅರ್ಹತೆ ಮತ್ತು ಕಾಗದಪತ್ರಗಳ ತೊಡಕಿನ ಬಗ್ಗೆ ಆತಂಕ ವ್ಯಕ್ತಪಡಿಸಿದ್ದರು. ನಮ್ಮ ದೇಶದ ಅನುಭವವೂ ಇದಕ್ಕೆ ಹತ್ತಿರವಾಗಿಯೇ ಇದೆ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಘೋಷಿಸಿದ 3 ಲಕ್ಷ ಕೋಟಿ ರೂ.ಗಳ ತುರ್ತು ಸಾಲ ಖಾತರಿ ಯೋಜನೆಯಲ್ಲಿ, ಆ ವರ್ಷದ ಫೆಬ್ರವರಿ 29ರಂದು ಬಾಕಿ ಇದ್ದ ಸಾಲದ ಶೇ. 20ರಷ್ಟು ಹೆಚ್ಚುವರಿ ಸಾಲಕ್ಕೆ ಅವಕಾಶವಿತ್ತು. ಅಂದರೆ, ಅದುವರೆಗೆ ಸಾಲವನ್ನೇ ಮಾಡದೆ ಸ್ವಂತ ದುಡ್ಡಿನಲ್ಲಿ ವ್ಯವಹಾರ ನಡೆಸಿದ್ದವರಿಗೆ ಈ ಬಾಗಿಲು ತೆರೆಯಲಿಲ್ಲ.

ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ನಗದಿನ ದಿನಗಳನ್ನು ಎಣಿಸಬೇಕು. ಕೂಲಿ, ಬಾಡಿಗೆ, ವಿದ್ಯುತ್, ಸಾಲದ ಕಂತು ಸೇರಿ ತಿಂಗಳಿಗೆ 3 ಲಕ್ಷ ರೂ. ತಪ್ಪದ ಖರ್ಚಿದ್ದು, ಕೈಯಲ್ಲಿ ಒಂದೂವರೆ ಲಕ್ಷವಿದ್ದರೆ ಉಳಿವು ಹದಿನೈದೇ ದಿನ. ಗೋದಾಮಿನ ದಾಸ್ತಾನು, ವಸೂಲಾಗದ ಬಿಲ್ಲು ಈ ಲೆಕ್ಕಕ್ಕೆ ಸೇರುವುದಿಲ್ಲ.

ಎರಡನೆಯದಾಗಿ, ಬಾಕಿ ವಸೂಲಿಯಲ್ಲಿ ಸಂಕೋಚ ಸಲ್ಲದು. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಉದ್ದಿಮೆಗಳಿಗೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು.

ಮೂರನೆಯದಾಗಿ, ಬ್ಯಾಂಕಿನೊಡನೆ ಸಂಬಂಧವನ್ನು ವಹಿವಾಟು ಚೆನ್ನಾಗಿರುವಾಗಲೇ ಬೆಳೆಸಿ, ದುಡಿಯುವ ಬಂಡವಾಳದ ಮಿತಿಯನ್ನು ಮಂಜೂರು ಮಾಡಿಸಿಕೊಂಡಿರಬೇಕು.

ಮುಂದಿನ ವಿಪತ್ತು ರೋಗವೇ ಆಗಬೇಕೆಂದಿಲ್ಲ; ದೊಡ್ಡ ಗಿರಾಕಿಯೊಬ್ಬ ಕೈಬಿಟ್ಟರೂ ಸಾಕು. ಅಂದು ನೆರವು ಬರುವವರೆಗೆ ಸಂಸ್ಥೆಯನ್ನು ಕಾಯುವುದು ಕೈಯಲ್ಲಿರುವ ನಗದು. ಸದಸ್ಯರು ಈ ತಿಂಗಳ ಲೆಕ್ಕಪುಸ್ತಕ ಮುಚ್ಚುವ ಮುನ್ನ ತಮ್ಮ ದಿನಗಳನ್ನು ಎಣಿಸಿಕೊಳ್ಳುವುದು ಒಳಿತು.