ಎಂಜಿನಿನ ಸ್ಟಡ್ಡುಗಳು

ಮೋಟಾರು ಎಂಜಿನನ್ನು ಬಿಚ್ಚಿ ಹೊಸದಾಗಿ ಜೋಡಿಸುವಾಗ ನಮ್ಮ ತಾಳ್ಮೆಯನ್ನು ಪರೀಕ್ಷಿಸುವುವು ಸಿಲಿಂಡರ್ ಹೆಡ್ಡಿನ ಸ್ಟಡ್ಡುಗಳು. ಸ್ಟಡ್ಡೆಂದರೇನು? ಎರಡೂ ತುದಿಗಳಲ್ಲಿ ತಿರುಪುಳ್ಳ ಉಕ್ಕಿನ ಸರಳು. ಒಂದು ತುದಿ ಎರಕದ ಬ್ಲಾಕಿನೊಳಗೆ ಕುಳಿತಿರುತ್ತದೆ. ಇನ್ನೊಂದಕ್ಕೆ ಹಾಕಿದ ನಟ್ಟು ಹೆಡ್ಡನ್ನು ಅದುಮಿ ಹಿಡಿಯುತ್ತದೆ. 1956ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಾರಿಸ್ ಮೈನರ್ 1000 ಕಾರಿನ 948 ಸಿ.ಸಿ. ಎಂಜಿನಿನಲ್ಲಿ ಇಂತಹವು ಒಂಬತ್ತು.

ಹಳೆಯ ಸ್ಟಡ್ಡು ತುಕ್ಕು ಹಿಡಿದು ಬ್ಲಾಕಿಗೆ ಕಚ್ಚಿಕೊಂಡಿರುವುದುಂಟು. ಅವಸರದಿಂದ ಬಲ ಹಾಕಿದೆವೋ, ಬುಡದಲ್ಲಿಯೇ ಮುರಿಯಿತು! ಆಮೇಲೆ ಅದರ ಸರಿಮಧ್ಯದಲ್ಲಿ ಬೈರಿಗೆಯಿಂದ ಕೊರೆದು ತೆಗೆಯಬೇಕು. ಬೈರಿಗೆ ಓರೆಯಾದರೆ ಬ್ಲಾಕೇ ಕೆಟ್ಟೀತು. ಆದುದರಿಂದ ಬುಡಕ್ಕೆ ತೆಳುವಾದ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವುದೇ ಲೇಸು. ಮರುದಿನ ಸ್ಟಡ್ಡಿನ ಮೇಲೆ ಎರಡು ನಟ್ಟುಗಳನ್ನು ಒಂದಕ್ಕೊಂದು ಒತ್ತಿ ಬಿಗಿದು, ಕೆಳಗಿನದನ್ನು ಪಾನಾದಿಂದ ಬಿಚ್ಚುವ ದಿಕ್ಕಿಗೆ ತಿರುಗಿಸುತ್ತೇವೆ. ಬಿಗಿಯೆನಿಸಿದರೆ ತುಸು ಹಿಂದಕ್ಕೆ, ತುಸು ಮುಂದಕ್ಕೆ.

ಹೊಸದನ್ನು ಕೂಡಿಸುವ ಮುನ್ನ ರಂಧ್ರವನ್ನು ಶುಚಿಗೊಳಿಸಬೇಕು. ಮುಚ್ಚಿದ ತಳದಲ್ಲಿ ಎಣ್ಣೆ ನಿಂತಿದ್ದರೆ ಸ್ಟಡ್ಡು ಇಳಿಯುವಾಗ ಅದರ ಒತ್ತಡಕ್ಕೆ ಎರಕ ಬಿರಿಯಬಹುದು. ಸ್ಟಡ್ಡನ್ನು ಕೈಯಿಂದ ಬಿಗಿದಷ್ಟೇ ಸಾಕು; ಹಿಡಿತ ಬರುವುದು ನಟ್ಟಿನಿಂದ. ನಟ್ಟುಗಳನ್ನಾದರೋ ನಡುವಿನಿಂದ ಹೊರಕ್ಕೆ, ಎರಡು ಮೂರು ಸರದಿಗಳಲ್ಲಿ, ಮೈನರಿಗೆ 40 ಪೌಂಡು-ಅಡಿಯವರೆಗೆ ಬಿಗಿಯಬೇಕು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾದರೆ ಹೆಡ್ಡು ಸಮನಾಗಿ ಕೂಡದೆ, ಗ್ಯಾಸ್ಕೆಟ್ಟಿನ ಸಂದಿನಿಂದ ನೀರು ಸಿಲಿಂಡರಿಗೆ ಇಳಿಯುತ್ತದೆ.