ಬಾದಾಮಿಯಲ್ಲೂ ಕಡ್ಡಿ-ಡಬ್ಬಿ ಇದೆ!

ಮೋಟೆಬೆನ್ನೂರಿನ ನಮ್ಮವ್ವ ಬ್ಯಾಡಗಿ ಮೆಣಸಿನಕಾಯಿ ನೋಡಿದರೆ ಸಾಕು, ಕಡ್ಡಿನೋ ಡಬ್ಬಿನೋ ಹೇಳಿಬಿಡ್ತಾಳೆ. ನಾನು ಬೆಂಗಳೂರಿಂದ ತುಟ್ಟಿ ಬಾದಾಮಿ ಒಯ್ದಾಗ, ‘ಇದಕ್ಕ ಇಷ್ಟು ರೊಕ್ಕ ಯಾಕ ಕೊಟ್ಟಿ?’ ಅಂದ್ಳು. ಉತ್ತರ ನನಗೂ ಗೊತ್ತಿರಲಿಲ್ಲ!

ಅಂಗಡಿಯಲ್ಲಿ ಮುಖ್ಯವಾಗಿ ಸಿಗೋದು ಮೂರು ಬಗೆ. ಕ್ಯಾಲಿಫೋರ್ನಿಯಾ: ಚಪ್ಪಟೆ, ನುಣುಪು, ಬೆಲೆ ಕಡಿಮೆ. ಇರಾನ್, ಅಫ್ಘಾನಿಸ್ತಾನದ ಮಾಮ್ರಾ: ಡೊಂಕು, ಸುಕ್ಕು, ಎಣ್ಣೆಯಂಶ ಹೆಚ್ಚು, ಬೆಲೆಯೂ ಹೆಚ್ಚು. ಗುರ್ಬಂದಿ: ಚಿಕ್ಕದು, ನಡುವೆ ಕಹಿ ಬಾದಾಮಿ ಸಿಗಬಹುದು. ಕಹಿಯಾದದ್ದರಿಂದ ಸಯನೈಡ್ ಹುಟ್ಟುತ್ತದೆ, ತಕ್ಷಣ ಉಗಿಯಿರಿ. ಮಕ್ಕಳಿಗೆ ಅರೆದು ಕೊಡುವುದಾದರೆ ಗುರ್ಬಂದಿ ಬೇಡ.

ದಿನದ ನಾಲ್ಕು ಬಾದಾಮಿಗೆ ಕ್ಯಾಲಿಫೋರ್ನಿಯಾ ಸಾಕು. ಕೊಳ್ಳುವಾಗ ಒಂದು ಮುರಿದು ಮೂಸಿ. ಮುಗ್ಗಲು ವಾಸನೆ ಬಂದರೆ ಬಿಡಿ. ಅವ್ವನ ಮೆಣಸಿನಕಾಯಿ ಲೆಕ್ಕವೂ ಇದೇ: ಮೊದಲು ಮುಟ್ಟಿ ನೋಡು, ಮೂಸು, ಆಮೇಲೆ ರೊಕ್ಕ ತೆಗಿ.